ಪಚ್ಚುವಿಗೆ, ಅಮ್ಮನ ಭುಜದ ವಿಷಯ

ಪ್ರೀತಿಯ ಪಚ್ಚು,

ಮಸ್ಕತ್‌ನಲ್ಲಿ ಕೂತು "ಊರಲ್ಲಿ ಎಂತ ವಿಶೇಷ?" ಎಂದು ನೀನು ಕೇಳಿ ಎಂಟು ದಿನ ಆಯಿತು. ಫೋನಿನಲ್ಲಿ ಹೇಳಲು ಆಗಲಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದಕ್ಕೆ ಬೈಯಬೇಡ ಮಾರಾಯ. ನಮ್ಮ ಊರಿನವರು ನಾಲ್ಕು ಜನ ಓದಲಿ ಎಂದೇ ಹಾಕಿದ್ದು.

ನಾವು ಕ್ರಿಕೆಟ್ ಆಡುತ್ತಿದ್ದ ಗುಡ್ಡೆಯ ಜಾಗ ಉಂಟಲ್ವಾ, ಅಲ್ಲಿ ಓಪನ್ ಜಿಮ್ ಮಾಡುವ ಮಾತು ನಡೆಯುತ್ತಿದೆ. ಈ ಸಲದ ಬಜೆಟ್‌ನಲ್ಲಿ ಅದಕ್ಕೆ ದುಡ್ಡು ಇಡಬೇಕಾ ಬೇಡವಾ ಎಂದು ಜನರನ್ನು ಕೇಳಲು ಸಭೆ ಕರೆದಿದ್ದರು. ನಾನೂ ಹೋದೆ. ಬೇಡ ಎನ್ನಲಿಕ್ಕೇ ಹೋದೆ.

ನಮ್ಮ ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಜೊತೆಗೆ ಕಡಲಿನ ಉಪ್ಪುಗಾಳಿ. ಗೇಟಿನ ಬಿಜಾಗರಿಯೇ ಎರಡು ಮಳೆಗಾಲಕ್ಕೆ ತುಕ್ಕು ಹಿಡಿದು ಬಿಗಿಯಾಗುವ ಊರಲ್ಲಿ, ಬಯಲಲ್ಲಿ ಇಟ್ಟ ಮಷಿನ್‌ನ ಬೇರಿಂಗ್ ಎಷ್ಟು ದಿನ ಬಂದೀತು? ಆ ದುಡ್ಡಲ್ಲಿ ಫುಟ್‌ಪಾತ್ ಮಾಡಿ, ಚರಂಡಿಗೆ ಚಪ್ಪಡಿ ಹಾಕಿ ಎಂದೆ. ಕೆಲವರು ಚಪ್ಪಾಳೆ ತಟ್ಟಿದರು. ಅಲ್ಲಿಗೆ ಕೂರಬೇಕಿತ್ತು. ಕೂರಲಿಲ್ಲ. "ನಮ್ಮ ಕಡೆ ಹೆಂಗಸರು ದಿನವಿಡೀ ಮನೆಯಲ್ಲಿ ದುಡಿಯುತ್ತಾರೆ, ಅವರಿಗೆ ಜಿಮ್ ಯಾಕೆ?" ಎಂದೂ ಸೇರಿಸಿದೆ.

ಹಿಂದಿನ ಸಾಲಿನಿಂದ ಒಬ್ಬರು ಅಕ್ಕ ಎದ್ದರು. ಐವತ್ತು ದಾಟಿದವರು. ಕೈಯಲ್ಲಿ, ಕಟ್ಟಿದ ಬೀಡಿ ಕೊಡುವ ಬ್ರಾಂಚಿಗೆ ಒಯ್ಯುವ ಚೀಲ.

"ದುಡಿಯುವುದು ಬೆರಳು ಮಾತ್ರ ಮಗ. ಬಾಕಿ ಮೈ ಬೆಳಗ್ಗಿನಿಂದ ಕೂತಲ್ಲೇ ಉಂಟು" ಎಂದರು. ಅಷ್ಟು ಹೇಳಿ ಕೂತರು.

ನನಗೆ ಮತ್ತೆ ಬಾಯಿ ಬರಲಿಲ್ಲ. ಯಾಕೆ ಅಂತ ನಿನಗೆ ಗೊತ್ತುಂಟು.

ಅಮ್ಮ ಮೂವತ್ತು ವರ್ಷ ಬೀಡಿ ಕಟ್ಟಿದರು. ಸಾವಿರ ಬೀಡಿಗೆ ಇಷ್ಟು ಎಂದು ಮಜೂರಿ. ಮಡಿಲಲ್ಲಿ ತಡ್ಪೆ, ಅಂದರೆ ಮೊರ. ನೆನೆಸಿದ ಎಲೆ ಕತ್ತರಿಸಿ, ಹೊಗೆಸೊಪ್ಪಿನ ಪುಡಿ ಹಾಕಿ, ಸುತ್ತಿ, ತುದಿ ಮಡಚಿ, ನೂಲು ಕಟ್ಟಬೇಕು. ತಲೆ ಬಗ್ಗಿಸಿದರೆ ಬಗ್ಗಿಸಿದ್ದೇ. ರಾತ್ರಿ ಊಟಕ್ಕೆ ಏಳುವಾಗ ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ. ನಾನು ಅದನ್ನು ನೋಡಿಕೊಂಡೇ ದೊಡ್ಡವನಾದೆ. ಆದರೂ ಕಾಲೇಜು ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ "ಗೃಹಿಣಿ" ಎಂದು ಬರೆದೆ. ಆ ಅರ್ಜಿಗೆ ಕಟ್ಟಿದ್ದು ಬೀಡಿಯ ದುಡ್ಡು. ನೀನು ಪಕ್ಕದಲ್ಲೇ ನಿಂತಿದ್ದೆ. ನೋಡಿದೆ, ಏನೂ ಕೇಳಲಿಲ್ಲ. ಮೊನ್ನೆ ಸಭೆಯಲ್ಲಿ ಅದೇ ಅರ್ಜಿಯನ್ನು ಇನ್ನೊಮ್ಮೆ ತುಂಬಿಸಿದ ಹಾಗಾಯಿತು ಪಚ್ಚು.

ಇದನ್ನು ಬರೆಯಬೇಕು ಎಂದು ಕೂತದ್ದಲ್ಲ. ಬಂದುಬಿಟ್ಟಿತು. ಇರಲಿ, ಅಳಿಸುವುದಿಲ್ಲ.

ಕಳೆದ ಆಟಿಯಲ್ಲಿ, ಆ ಜೋರು ಮಳೆಯ ತಿಂಗಳಲ್ಲಿ, ಅಮ್ಮ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಪುಣ್ಯ. ದಿನಾ ನಡೆಯಿರಿ ಎಂದರು ಡಾಕ್ಟರು. ಎಲ್ಲಿ ನಡೆಯುವುದು? ನಮ್ಮ ರಸ್ತೆಯಲ್ಲಿ ಎದುರಿನಿಂದ ಬಸ್ಸು ಬಂದರೆ ಚರಂಡಿಗೇ ಇಳಿಯಬೇಕು. ಕದ್ರಿ ಪಾರ್ಕಿಗೆ ಎರಡು ಬಸ್ಸು ಹಿಡಿಯಬೇಕು. ಅದಕ್ಕೆ ಜಗಲಿಯಲ್ಲೇ ಆಚೆ ಈಚೆ ನಡೆಯುತ್ತಾರೆ. ಒಂದು ಸುತ್ತಿಗೆ ಒಂದು ಹುಣಸೆಬೀಜ ಎಂದು ಲೆಕ್ಕ. ಆ ಬೀಜಗಳನ್ನು ಕಿಟಕಿಯಲ್ಲಿ ದಿನಾ ನೋಡುತ್ತೇನೆ. ನೋಡಿ, ಬ್ಯಾಗು ಹೆಗಲಿಗೆ ಹಾಕಿ, ನನ್ನ ಎಸಿ ಜಿಮ್ಮಿಗೆ ಹೋಗುತ್ತೇನೆ. 65 ದಾಟಿದವರು ವಾರಕ್ಕೆ 3 ದಿನವಾದರೂ ಕಾಲಿಗೆ ಬಲ ಬರುವ, ಆಯ ತಪ್ಪದಂತೆ ನಿಲ್ಲಲು ಕಲಿಸುವ ವ್ಯಾಯಾಮ ಮಾಡಬೇಕು, ಆಗ ಬೀಳುವುದು ಕಡಿಮೆಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮ್ಮನಿಗೆ ಈಗ 67.

ಭಾನುವಾರ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬೇರೆ ಕಡೆಯ ಒಂದು ಪಾರ್ಕಿಗೆ ಹೋದೆ. ಅಲ್ಲಿ ಈಗಾಗಲೇ ಮಷಿನ್‌ಗಳಿವೆ. ಎರಡು ಮುರಿದಿವೆ. ಅಮ್ಮ ಮೊದಲು ಸುತ್ತಲೂ ನೋಡಿದರು. ಯಾರೂ ಇಲ್ಲ ಎಂದು ಖಾತ್ರಿಯಾದ ಮೇಲೆ ಸೆರಗು ಸಿಕ್ಕಿಸಿ, ಭುಜಕ್ಕೆಂದು ಇಟ್ಟ ಚಕ್ರದ ಹಿಡಿ ಹಿಡಿದರು. ಬಲಗೈ ಭುಜದ ಮಟ್ಟಕ್ಕೆ ಬಂದು ನಿಂತಿತು. ಅಲ್ಲಿಂದ ಮೇಲೆ ಹೋಗಲೇ ಇಲ್ಲ. ಹಲ್ಲು ಕಚ್ಚಿ ಹಿಂದಕ್ಕೆ ತಿರುಗಿಸಿದರು, ಮತ್ತೆ ಮುಂದಕ್ಕೆ. ಏಳನೆಯದೋ ಎಂಟನೆಯದೋ ಸಲಕ್ಕೆ ಕಿರ್ ಎನ್ನುತ್ತಾ ಚಕ್ರ ಪೂರ್ತಿ ಒಂದು ಸುತ್ತು ಬಂತು. ಅಮ್ಮ ನನ್ನ ಕಡೆ ನೋಡಿದರು. ಆ ಮುಖ ನಾನು ನೋಡಿ ಎಷ್ಟೋ ವರ್ಷವಾಗಿತ್ತು. ಅಂಗೈಗೆ ಹತ್ತಿದ ತುಕ್ಕನ್ನು ನೋಡಿಕೊಂಡು, "ಇದಕ್ಕೆ ಎಣ್ಣೆ ಹಾಕುವವರು ಇಲ್ವಾ?" ಎಂದರು.

ನಾನು ಸಭೆಯಲ್ಲಿ ಕೇಳಬೇಕಿದ್ದದ್ದು ಅದನ್ನೇ. ಮಷಿನ್ ಬೇಕಾ ಬೇಡವಾ ಎಂದು ಜಗಳ ಆಡುತ್ತೇವೆ, ಎಣ್ಣೆಗೆ ದುಡ್ಡು ಇಡುವ ಮಾತು ಯಾರೂ ಎತ್ತುವುದಿಲ್ಲ. ಹನ್ನೆರಡು ಮಷಿನ್ ಬೇಡ, ಐದೇ ಇಡಲಿ. ಮೇಲೊಂದು ಶೀಟಿನ ಮಾಡು ಹಾಕಲಿ. ಅದಿಲ್ಲದಿದ್ದರೆ ಮಳೆಗಾಲದ ನಾಲ್ಕು ತಿಂಗಳು ಯಾರೂ ಆ ಕಡೆ ಸುಳಿಯುವುದಿಲ್ಲ. ಬ್ರಾಂಚಿಗೆ ಬೀಡಿ ಕೊಟ್ಟು ಬರುವ ಹೆಂಗಸರು ಸಂಜೆ ಧೈರ್ಯದಿಂದ ಬರುವಷ್ಟು ಲೈಟು ಬೇಕು. ಗ್ರೀಸ್ ಹಾಕಿ, ಬೋಲ್ಟ್ ಬಿಗಿ ಮಾಡುವ ಕೆಲಸಕ್ಕೆ ಪ್ರತಿ ವರ್ಷ ಬೇರೆಯೇ ಹಣ ತೆಗೆದಿಡಬೇಕು. ಫುಟ್‌ಪಾತ್ ಬೇಕು ಎಂದದ್ದನ್ನು ನಾನು ಬಿಡುವುದಿಲ್ಲ. ಗುಡ್ಡೆ ಹತ್ತಲು ದಾರಿಯೇ ಇಲ್ಲದಿದ್ದರೆ ಅಮ್ಮ ಅಲ್ಲಿಗೆ ಬರುವುದಾದರೂ ಹೇಗೆ?

ಮುಂದಿನ ಸಭೆ ಬರುವ ವಾರ. ಹೋಗಿ, ಮೊನ್ನೆ ನಾನು ಹೇಳಿದ್ದು ತಪ್ಪು ಎಂದು ಅದೇ ಮೈಕಿನಲ್ಲಿ ಹೇಳುತ್ತೇನೆ. ಚೀಲ ಹಿಡಿದು ಬಂದಿದ್ದ ಆ ಅಕ್ಕನೂ ಬಂದಿರಲಿ ಎಂದು ಆಸೆ. ಅಮ್ಮ ತಾನೂ ಬರುತ್ತೇನೆ ಎಂದಿದ್ದಾರೆ. ನಿನ್ನೆ ಹೊಲಿಗೆ ಮಷಿನ್ನಿನ ಎಣ್ಣೆಯ ಬಾಟಲಿ ಹುಡುಕಿ ತೆಗೆದು ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟರು. ಭಾನುವಾರ ಮತ್ತೆ ಆ ಪಾರ್ಕಿಗೆ ಹೋಗಬೇಕಂತೆ.

ನಿನ್ನ ಬಗ್ಗೆ ಕೇಳಿದರು. ಛತ್ರಿಯ ಬಗ್ಗೆಯೂ ಕೇಳಿದರು. ನಾನು ಏನೂ ಹೇಳಲಿಲ್ಲ. ಊರಿಗೆ ಬಂದಾಗ ನೀನೇ ಹೇಳು.

ನಿನ್ನ,
ಗುಡ್ಡೆಯ ವಿಕೆಟ್ ಕೀಪರ್