ಬುಧವಾರ ಎಲ್ಲೋರಕ್ಕೆ ಹೊರಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಮಂಗಳವಾರ ಎಲ್ಲೋರಕ್ಕೆ ರಜೆ, ಅದಕ್ಕೇ ಬುಧವಾರ ಇಟ್ಟುಕೊಂಡಿದ್ದೇವೆ.

ಒಂದು ವಿನಂತಿ. ಕೈಲಾಸ ದೇವಾಲಯ ನೋಡಿ ಸಾಕು ಎಂದು ಬಸ್ ಹತ್ತಬೇಡಿ. ಒಂದೇ ಬೆಟ್ಟದ ಸಾಲಿನಲ್ಲಿ 34 ಗುಹೆಗಳಿವೆ. ಮೊದಲ 12 ಬೌದ್ಧರದು, 13ರಿಂದ 29 ಹಿಂದೂಗಳದು, ಕೊನೆಯ 5 ಜೈನರದು.

10ನೇ ಗುಹೆಯಲ್ಲಿ ತಲೆ ಎತ್ತಿ ನೋಡಿ. ಮರದ ತೊಲೆ ಜೋಡಿಸಿದ ಹಾಗೆ ಕಲ್ಲಿನಲ್ಲೇ ಕಡೆದಿದ್ದಾರೆ. ಅಲ್ಲಿ ಕೂತಿರುವ ಬುದ್ಧನನ್ನು ಆ ಕಡೆಯ ಬಡಗಿಗಳು ವಿಶ್ವಕರ್ಮನೆಂದು ಪೂಜಿಸುತ್ತಿದ್ದರು!

15ನೇ ಗುಹೆ ಬೌದ್ಧ ವಿಹಾರವಾಗಿ ಶುರುವಾಗಿ ಆಮೇಲೆ ಶಿವನ ಗುಡಿಯಾಯಿತು ಎನ್ನುತ್ತಾರೆ ತಜ್ಞರು. ಅಲ್ಲಿ ರಾಷ್ಟ್ರಕೂಟರ ದಂತಿದುರ್ಗನ ಶಾಸನವಿದೆ. ಅವನ ನಂತರ ಬಂದ ಒಂದನೇ ಕೃಷ್ಣನ ಕಾಲದ್ದೇ ಕೈಲಾಸ, ಅಂದರೆ 8ನೇ ಶತಮಾನ. ಮುಂದೆ ನಮ್ಮ ಮಳಖೇಡದಿಂದ ಆಳಿದ್ದು ಇದೇ ಮನೆತನ, ಅಲ್ವಾ? ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡೆದು ಮಾಡಿದ ಗುಡಿ ಅದು. 'ಇದನ್ನು ಹೇಗೆ ಮಾಡಿದೆನೋ' ಎಂದು ಶಿಲ್ಪಿಗೇ ಬೆರಗಾಯಿತಂತೆ. ಹೀಗೆಂದು 812ರ ಬರೋಡಾ ತಾಮ್ರಪಟ ಹೇಳುತ್ತದೆ. ನನಗೆ ತುಂಬಾ ಇಷ್ಟವಾದ ಮಾತಿದು.

ಜೈನ ಗುಹೆಗಳು ಸ್ವಲ್ಪ ದೂರ, ಜನರೂ ಕಡಿಮೆ. ಕಾಲಿಗೆ ಬಳ್ಳಿ ಸುತ್ತಿಕೊಂಡ ಬಾಹುಬಲಿ ಅಲ್ಲಿದ್ದಾನೆ, ದಯವಿಟ್ಟು ತಪ್ಪಿಸಬೇಡಿ.

ಕೈಲಾಸದ ಚಾವಣಿಯಲ್ಲಿ ಹಳೆಯ ಬಣ್ಣದ ಚಿತ್ರಗಳು ಇನ್ನೂ ಉಳಿದಿವೆ. ಫ್ಲ್ಯಾಶ್ ಬೇಡ, ಗೋಡೆ ಮುಟ್ಟುವುದೂ ಬೇಡ. ನೀರು, ಟೋಪಿ ತನ್ನಿ. ಬರುವವರು ಇವತ್ತು ರಾತ್ರಿಯೊಳಗೆ ಇಲ್ಲೇ ಹೆಸರು ಹಾಕಿ.