ಅಂಗಳದ ಮಾದರಿ ನಮ್ಮೂರ ಬಿಸಿಲಿನದಿರಲಿ

ಮಾನ್ಯರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮನೆಯಂಗಳದ ಲಾನ್, ಕೈತೋಟದ ಫೋಟೊಗಳನ್ನು ನೋಡಿದೆ. ಚೆಂದ ಇದ್ದವು. ಆದರೆ ಒಂದರಲ್ಲೂ ನಮ್ಮ ರಾಯಚೂರಿನ ಬಿಸಿಲು ಇರಲಿಲ್ಲ.

ಇಂಥದೇ ಫೋಟೊ ನಂಬಿ ಕೆಟ್ಟವಳು ನಾನು. ಬೆಂಗಳೂರಿನಲ್ಲಿರುವ ಮಗಳು ಮೊಬೈಲಿಗೆ ಕಳಿಸಿದ ಚಿತ್ರ ನೋಡಿ, ಎರಡು ವರ್ಷದ ಹಿಂದೆ ಹುಲ್ಲಿನ ಹಾಸು ತರಿಸಿ ಅಂಗಳಕ್ಕೆ ಹಾಸಿಸಿದೆ. 10 ಅಡಿ ಅಗಲ, 20 ಅಡಿ ಉದ್ದ. ಚಳಿಗಾಲ ಪೂರ್ತಿ ಓಣಿಯವರು ಗೇಟಿನ ಹತ್ತಿರ ನಿಂತು ನೋಡಿ ಹೋಗುತ್ತಿದ್ದರು. ಶಿವರಾತ್ರಿ ದಾಟಿದ ಮೇಲೆ ಶುರುವಾಯಿತು ನೋಡಿ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್ ಎಂದು ಬೋರ್ಡಿನ ಮೇಲೆ ಬರೆದು ಮಕ್ಕಳಿಗೆ ಕಲಿಸಿದವಳು ನಾನು. ನನ್ನ ಅಂಗಳಕ್ಕೆ ಮಾತ್ರ ಆ ಲೆಕ್ಕ ಹಾಕಿರಲಿಲ್ಲ. ಹುಲ್ಲಿನ ಜಾಗ ಸುಮಾರು ಹದಿನೆಂಟೂವರೆ ಚದರ ಮೀಟರ್. ದಿನಕ್ಕೆ 6 ಮಿಲಿಮೀಟರ್ ಕೊಟ್ಟರೂ ಸುಮಾರು 110 ಲೀಟರ್, ಅಂದರೆ ಏಳು ಕೊಡ. ನಮ್ಮ ಓಣಿಗೆ ನಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಮೇ ಹೊತ್ತಿಗೆ ಹುಲ್ಲೆಲ್ಲ ಹುರಿದ ಶ್ಯಾವಿಗೆಯ ಬಣ್ಣ.

ತಮಾಷೆ ಅಂದರೆ, ಅದರ ನಡುವೆ ಅಲ್ಲಲ್ಲಿ ಹಸಿರು ಉಳಿದಿತ್ತು. ಕೆಲಸಕ್ಕೆ ಬಂದ ಹುಡುಗ ಕಿತ್ತು ತೋರಿಸಿದ: "ಟೀಚರಮ್ಮಾ, ಇದು ಗರಿಕಿ ರೀ." ಚೌತಿಗೆ ಗಣಪನಿಗೆ ಏರಿಸುವ ಅದೇ ಗರಿಕೆ. ನರ್ಸರಿಯಲ್ಲಿ ಬರ್ಮುಡಾ ಗ್ರಾಸ್ ಎಂದು ಮಾರುವುದೂ ಇದೇ ಜಾತಿಯಂತೆ. ಹೊಲದಲ್ಲಿ ರೈತರು ಬೈದುಕೊಂಡು ಕೀಳುವ ಹುಲ್ಲಿಗೆ ಪೇಟೆಯಲ್ಲಿ ಎಂಥಾ ಹೆಸರು!

ಆಮೇಲೆ ಮೊಬೈಲ್ ಬಿಟ್ಟು ಹಳೆಯ ನೋಟ್‌ಬುಕ್ ಹಿಡಿದು ಬೆಳಗಿನ ವಾಕಿಂಗ್ ಮಾಡಿದೆ. ಯಾರ ಮನೆ ಮುಂದೆ ಬೇಸಿಗೆಯಲ್ಲೂ ಹಸಿರು ಇದೆಯೋ ಅಲ್ಲಿ ನಿಂತು ಚಿತ್ರ ಬರೆದುಕೊಂಡೆ. ಲಿಂಗಸುಗೂರು ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಕಡೆಗೂ ಹೋಗಿ ಬಂದೆ. ಕಾಗದದ ಹೂ, ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ. ಮತ್ತೆ ಮತ್ತೆ ಕಂಡಿದ್ದು ಇವೇ. ಕಣಗಿಲೆಯನ್ನು ಆಡು ಮುಟ್ಟುವುದಿಲ್ಲ, ಅದು ವಿಷ. ಸಣ್ಣ ಮಕ್ಕಳಿರುವ ಮನೆಯವರು ಯೋಚಿಸಿ ಹಾಕಬೇಕು.

ಇನ್ನೊಂದು ಕೆಲಸ ಮಾಡಿದೆ. ಏಪ್ರಿಲ್‌ನಲ್ಲಿ ಒಂದು ದಿನ ಬೆಳಿಗ್ಗೆ 8ಕ್ಕೆ, 12ಕ್ಕೆ, ಸಂಜೆ 4ಕ್ಕೆ ಮನೆಯ ನೆರಳು ಎಲ್ಲಿಯವರೆಗೆ ಬೀಳುತ್ತದೆ ಎಂದು ಅಂಗಳದಲ್ಲಿ ಸುಣ್ಣದ ಗೆರೆ ಎಳೆದೆ. ನಮ್ಮವರು "ನಿವೃತ್ತಿ ಆದ್ರೂ ಚಾಕ್‌ಪೀಸ್ ಬಿಡಲಿಲ್ಲ" ಎಂದು ನಕ್ಕರು. ನಗಲಿ. ನಮ್ಮದು ಪೂರ್ವದ ಬಾಗಿಲು. ಮಧ್ಯಾಹ್ನದ ಮೇಲೆ ಗೋಡೆಗೆ ಹತ್ತಿದ ಆರಡಿಗೆ ಮನೆಯ ನೆರಳು ಸಿಗುತ್ತದೆ. ಗರಿಕೆ ಅಲ್ಲಿ ಮಾತ್ರ ಹಾಕಿದೆ. ಪಡುವಣ ಬಿಸಿಲಿಗೆ ಅಡ್ಡವಾಗಿ ಹಿತ್ತಲಲ್ಲಿ ಒಂದು ಹೊಂಗೆ. ಪಾತ್ರೆ ತೊಳೆಯುವ ನೀರು ಬಾಳೆಗೆ, ಅಕ್ಕಿ ತೊಳೆದದ್ದು ಕರಿಬೇವಿಗೆ. ಗಿಡದ ಬುಡಕ್ಕೆ ರೈಸ್ ಮಿಲ್ಲಿನಿಂದ ತಂದ ಭತ್ತದ ಹೊಟ್ಟು ಹರಡಿದ್ದರಿಂದ ದಿನಾ ಹಾಕುತ್ತಿದ್ದ ನೀರು ಈಗ ಎರಡು ದಿನಕ್ಕೊಮ್ಮೆ ಸಾಕು.

ಎರೆಮಣ್ಣಿನ, ಅಂದರೆ ಕಪ್ಪು ಮಣ್ಣಿನ ಜಾಗದವರಿಗೆ ಒಂದು ಮಾತು. ಅಂಗಳಕ್ಕೆಲ್ಲ ಸಿಮೆಂಟ್ ಮಾಡಿ ಟೈಲ್ಸ್ ಕೂರಿಸಬೇಡಿ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಎದುರು ಮನೆಯವರ ಟೈಲ್ಸ್ ಒಂದೇ ಮಳೆಗಾಲಕ್ಕೆ ಎದ್ದವು. ನಾನು ಮರಳಿನ ಮೇಲೆ ಶಹಾಬಾದ್ ಕಲ್ಲು ಹಾಸಿ, ನಡುವೆ ಗೇಣು ಜಾಗ ಬಿಟ್ಟೆ. ಕಲ್ಲು ಅಲುಗಾಡಿದರೆ ಎತ್ತಿ ಮತ್ತೆ ಕೂರಿಸಿದರಾಯಿತು.

ನನ್ನ ಕೋರಿಕೆ ಇಷ್ಟೇ. ವಾರಕ್ಕೊಂದು ಅಂಗಳದ ಫೋಟೊ ಹಾಕಿ, ಆದರೆ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯದು. ಫೋಟೊ ಕೆಳಗೆ ಬಾಗಿಲು ಯಾವ ದಿಕ್ಕಿಗೆ, ಮಣ್ಣು ಎರೆಯೋ ಮಸಾರಿಯೋ (ಕೆಂಪು ಮಣ್ಣೋ), ದಿನಕ್ಕೆ ಎಷ್ಟು ಕೊಡ ನೀರು ಎಂದು ಬರೆಸಿ. ಸತ್ತ ಗಿಡದ ಹೆಸರನ್ನೂ ಬರೆಸಿ, ಅದನ್ನು ಯಾರೂ ಹೇಳುವುದಿಲ್ಲ. ಮೊದಲ ವಾರಕ್ಕೆ ಬೇಕಿದ್ದರೆ ನಮ್ಮ ಮನೆಗೇ ಬನ್ನಿ. ಸೆಪ್ಟೆಂಬರ್‌ನಲ್ಲಿ ಬೇಡ, ಮೇ ತಿಂಗಳಲ್ಲಿ ಬನ್ನಿ.

– ನಿವೃತ್ತ ಶಿಕ್ಷಕಿ, ರಾಯಚೂರು