ವಿಸಿಲ್ ಕೊಟ್ಟವರಿಗೆ, ಹಗ್ಗ ಕೊಟ್ಟವರಿಗೆ, ಐಸ್ ಕೊಟ್ಟವರಿಗೆ

ಸಮುದಾಯ ಕ್ರೀಡಾ ನಾಯಕತ್ವದ ತರಬೇತಿ ಮುಗಿಯಿತು, ಸರ್ಟಿಫಿಕೇಟ್ ಕೈಗೆ ಬಂತು. ಅದರ ಫೋಟೋ ಹಾಕಿದಂದಿನಿಂದ ಅಭಿನಂದನೆಗಳು ಬರುತ್ತಲೇ ಇವೆ. ಎಲ್ಲರಿಗೂ ಕೈಮುಗಿದ ಚಿತ್ರ ಕಳಿಸಿ ಸುಮ್ಮನಾಗಬಹುದಿತ್ತು. ಆದರೆ ಆ ಕಾಗದದಲ್ಲಿರುವುದು ನನ್ನೊಬ್ಬಳ ಹೆಸರು. ಅದಕ್ಕಾಗಿ ದುಡಿದವರು ಕಾಸರಗೋಡಿನ ಪೆರ್ಲದಿಂದ ತಿರುವನಂತಪುರದವರೆಗೆ ಇದ್ದಾರೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಯಾರ ಹೆಸರನ್ನೂ ಹಾಕುವುದಿಲ್ಲ. ಹಾಕಿದರೆ ಬಿಟ್ಟುಹೋದವರು ಮುಂದಿನ ಮದುವೆ ಊಟದಲ್ಲಿ ಪಕ್ಕದಲ್ಲೇ ಕೂತು ವಿಚಾರಿಸಿಕೊಳ್ಳುತ್ತಾರೆ.

"ಕೋಚ್ ಆದಿರಂತೆ" ಅಂತ ಹಲವರು ಕೇಳಿದರು. ಕೋಚ್ ಅಲ್ಲ. ಕೋಚ್ ಆಗಬೇಕೆಂದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಇದೆ, ಆರು ವಾರದ ಸರ್ಟಿಫಿಕೇಟ್ ಕೋರ್ಸ್ ಇದೆ. ಅವರು ಆಟಗಾರರನ್ನು ತಯಾರು ಮಾಡುತ್ತಾರೆ. ನನ್ನ ಕೆಲಸ ಬೇರೆ. ಊರಿನಲ್ಲಿ ಆಡದೆ ಕೂತವರನ್ನು ಎಬ್ಬಿಸಬೇಕು, ಪೆಟ್ಟಾಗದ ಹಾಗೆ ಆಡಿಸಬೇಕು, ಮುಂದಿನ ವಾರ ಅವರೇ ಇನ್ನೊಬ್ಬರನ್ನು ಕರೆದುಕೊಂಡು ಬರುವ ಹಾಗೆ ಮಾಡಬೇಕು.

ನಮ್ಮ ಕಡೆ ಆಡದೆ ಕೂತವರು ಇದ್ದಾರಾ ಅಂತ ಅನುಮಾನ ಬರಬಹುದು. ಕಾಸರಗೋಡು ಅಂದರೆ ಕಬಡ್ಡಿ ಅಲ್ವಾ? ಪ್ರೊ ಕಬಡ್ಡಿಯ ತೆಲುಗು ಟೈಟನ್ಸ್ ತಂಡಕ್ಕೆ ಕೋಚ್ ಆಗಿದ್ದ ಜಗದೀಶ್ ಕುಂಬ್ಳೆ ನಮ್ಮವರು. ಟೆಸ್ಟ್‌ನಲ್ಲಿ 619 ವಿಕೆಟ್ ತೆಗೆದ ಅನಿಲ್ ಕುಂಬ್ಳೆಯ ಮನೆತನದ ಊರೂ ಇದೇ ಕುಂಬಳೆ. ಪ್ರತಿ ಬಸ್‌ಸ್ಟ್ಯಾಂಡಿನಲ್ಲಿ ಒಂದು ಫ್ರೆಂಡ್ಸ್ ಕ್ಲಬ್ಬಿನ ಬೋರ್ಡ್ ಇದೆ. ಡಿಸೆಂಬರ್ ಬಂತೆಂದರೆ ಎಲ್ಲಿ ನೋಡಿದರೂ ಹೊನಲು ಬೆಳಕಿನ ಪಂದ್ಯಾಟದ ಫ್ಲೆಕ್ಸ್. ನನಗೂ ಅದು ಇಷ್ಟವೇ. ಮಧ್ಯರಾತ್ರಿ ಚುರುಮುರಿ ತಿನ್ನುತ್ತಾ ಫೈನಲ್ ನೋಡುವ ಸುಖ ಬೇರೆ ಯಾವುದರಲ್ಲೂ ಸಿಗುವುದಿಲ್ಲ. ಆದರೆ ಅಂಕಣದ ಒಳಗೆ ಒಂದು ಹೊತ್ತಿಗೆ ಇರುವುದು ಹದಿನಾಲ್ಕು ಜನ. ಹೊರಗೆ ಊರಿಗೆ ಊರೇ ಇರುತ್ತದೆ. ಪಂದ್ಯಾಟ ಮುಗಿದ ಮರುದಿನದಿಂದ ಆ ಮೈದಾನದಲ್ಲಿ ದನ ಮೇಯುತ್ತವೆ. ಗೆಲ್ಲುವವರಿಗೆ ಮಾತ್ರ ಆಟ, ಉಳಿದವರಿಗೆ ಚಪ್ಪಾಳೆ ಅನ್ನುವ ಲೆಕ್ಕ ನನಗೆ ಮೊದಲಿಂದಲೂ ಸರಿ ಕಂಡಿಲ್ಲ.

ಇದನ್ನು ನನ್ನ ತಲೆಗೆ ಹಾಕಿದವರು ನಮ್ಮ ಕನ್ನಡ ಶಾಲೆಯ ಪಿ.ಟಿ. ಮಾಷ್ಟ್ರು. ಮೊದಲ ಥ್ಯಾಂಕ್ಸ್ ಅವರಿಗೆ. ಸುಣ್ಣದಲ್ಲಿ ಅಂಕಣ ಬರೆಯುವಾಗ ಹಗ್ಗದ ಒಂದು ತುದಿ ನನ್ನ ಕೈಗೆ ಕೊಡುತ್ತಿದ್ದರು. ಗಂಡಸರದು 13ಕ್ಕೆ 10 ಮೀಟರ್, ಹೆಂಗಸರದು 12ಕ್ಕೆ 8. ಹತ್ತನೇ ಕ್ಲಾಸಿನವರೆಗೆ ನಾನು ಲೆಫ್ಟ್ ಕಾರ್ನರಿನಲ್ಲಿ, ಅಂದರೆ ಎಡತುದಿ ಕಾಯುವ ಜಾಗದಲ್ಲಿ ಆಡಿದೆ. ಆಮೇಲೆ ನಮ್ಮ ತಂಡದ ಒಬ್ಬಳೂ ಆಡಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಆಡೋಣ ಅಂತ ಯಾರೂ ಕರೆಯಲೂ ಇಲ್ಲ. ಗಂಡಸರ ಕಬಡ್ಡಿ 1990ರಲ್ಲೇ ಏಷ್ಯನ್ ಗೇಮ್ಸ್ ಸೇರಿತ್ತು, ಹೆಂಗಸರದು ಸೇರುವಾಗ 2010 ಆಗಿತ್ತು. 2014ರಲ್ಲಿ ಕಾರ್ಕಳದ ಮಮತಾ ಪೂಜಾರಿಗೆ ಅರ್ಜುನ ಪ್ರಶಸ್ತಿ ಬಂದಾಗ ಮಾಷ್ಟ್ರು ಪೇಟೆಯಲ್ಲಿ ಸಿಕ್ಕಿ, "ನೋಡು, ನಮ್ಮ ಕಡೆಯವಳೇ" ಅಂದರು. ನನ್ನ ಸೊಂಟದಲ್ಲಿ ಮಗುವಿತ್ತು, ಕೈಯಲ್ಲಿ ತರಕಾರಿ ಚೀಲ. ನಕ್ಕು ಬಂದೆ. ಈಗ ತರಬೇತಿಗೆ ಹೆಸರು ಕೊಟ್ಟೆ ಅಂತ ಹೇಳಲು ಹೋದಾಗ ಮಾಷ್ಟ್ರು ಒಳಗಿಂದ ಹೊಸ ವಿಸಿಲ್ ತಂದು ಕೊಟ್ಟರು. "ಜಾಸ್ತಿ ಊದಬೇಡ, ಮಕ್ಕಳು ಹೆದರಿ ಆಟ ಬಿಡ್ತಾರೆ" ಅಂತ ಬೈಗುಳದ ದನಿಯಲ್ಲೇ ಹೇಳಿದರು.

ಮನೆಯವರ ಬಗ್ಗೆ ಜಾಸ್ತಿ ಬರೆದರೆ ಅವರಿಗೇ ಮುಜುಗರ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ನನ್ನನ್ನು ಕಳಿಸಿಕೊಟ್ಟರು. ಅತ್ತೆ ಹಟ್ಟಿಯ ಕೆಲಸ ಪೂರ್ತಿ ವಹಿಸಿಕೊಂಡರು. ಅಷ್ಟು ಹೇಳಿದರೆ ನಮ್ಮ ಕಡೆಯವರಿಗೆ ಉಳಿದದ್ದು ಅರ್ಥವಾಗುತ್ತದೆ.

ತರಬೇತಿಯ ಮುಖ್ಯ ಭಾಗ ತಿರುವನಂತಪುರದಲ್ಲಿತ್ತು. ಸಂಜೆ ಕಾಸರಗೋಡಿನಲ್ಲಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿದರೆ ಇಳಿಯುವುದು ಮರುದಿನ ಬೆಳಿಗ್ಗೆ. ಕೇರಳದಲ್ಲಿರುವ ನಮಗೆ ನಮ್ಮ ರಾಜಧಾನಿಯೇ ಬೆಂಗಳೂರಿಗಿಂತ ದೂರ. ಅಲ್ಲಿ ಪಾಠವೆಲ್ಲ ಮಲಯಾಳದಲ್ಲಿ, ಪುಸ್ತಕ ಇಂಗ್ಲಿಷಿನಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆದ ನನಗೆ ಪೇಟೆಯ ಮಲಯಾಳ ಗೊತ್ತಿತ್ತು, ಸ್ನಾಯು, ಮೂಳೆ, ಎದೆಬಡಿತದ ಮಲಯಾಳ ಗೊತ್ತಿರಲಿಲ್ಲ. ಕೋಣೆಯಲ್ಲಿ ಜೊತೆಗಿದ್ದ ಮಲಪ್ಪುರಂನ ಹುಡುಗಿ ಫುಟ್ಬಾಲ್ ಆಡುವವಳು, ನನಗಿಂತ ತುಂಬಾ ಚಿಕ್ಕವಳು. ರಾತ್ರಿ ಊಟ ಆದ ಮೇಲೆ ಅಂದಿನ ಪಾಠವನ್ನು ತನ್ನ ಕೈಕಾಲು ತೋರಿಸುತ್ತಲೇ ಮತ್ತೊಮ್ಮೆ ಮಾಡುತ್ತಿದ್ದಳು. ಮೊಣಕಾಲಿನ ಒಳಗೆ ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು ಹೇಗೆ ಹರಿಯುತ್ತದೆ ಅಂತ ತೋರಿಸಲು ಮಂಚದಿಂದ ಹಾರಿ ಸೊಟ್ಟಗೆ ಇಳಿದು, "ಹೀಗೆ ಇಳಿಯಬಾರದು ಚೇಚಿ" ಅಂದಳು. ನನ್ನ ನೋಟ್ಸ್ ಪೂರ್ತಿ ಕನ್ನಡ ಅಕ್ಷರದಲ್ಲಿ ಬರೆದ ಮಲಯಾಳ. ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಓದಿಸಿ ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಾಸಾಗಿದ್ದು ಅವಳಿಂದ.

ಅಲ್ಲಿನ ಟ್ರೇನರ್‌ಗಳಿಗೂ ಋಣಿ. ಮಾದರಿ ಕ್ಲಾಸ್ ತೆಗೆದುಕೊಳ್ಳುವಾಗ, "ಭಾಷೆ ಸಿಗದಿದ್ದರೆ ಮಾಡಿ ತೋರಿಸಿ, ಮಕ್ಕಳು ಕಣ್ಣಿನಲ್ಲೇ ಕಲಿಯುತ್ತಾರೆ" ಅಂತ ಧೈರ್ಯ ಕೊಟ್ಟರು. ಬೀಪ್ ಟೆಸ್ಟ್ ಓಡಿಸಿದರು, ಬೀಪ್ ಸದ್ದಿಗೆ ಸರಿಯಾಗಿ ಅತ್ತಿಂದಿತ್ತ ಓಡಬೇಕು. 20 ಮೀಟರ್ ದೂರ, ಶುರುವಿನಲ್ಲಿ ಗಂಟೆಗೆ 8.5 ಕಿಲೋಮೀಟರ್ ವೇಗ, ಆಮೇಲೆ ನಿಮಿಷ ನಿಮಿಷಕ್ಕೂ ಏರುತ್ತದೆ. ನಾನು ಎಷ್ಟನೇ ಹಂತದಲ್ಲಿ ನಿಂತೆ ಅನ್ನೋದು ಇಲ್ಲಿ ಬೇಡ. ಎದೆಬಡಿತ ನಿಂತವರಿಗೆ ಮಾಡುವ ಸಿ.ಪಿ.ಆರ್. ಕಲಿಸಲು ರಬ್ಬರ್ ಗೊಂಬೆಯ ಎದೆ ಒತ್ತಿಸಿದರು. ನಿಮಿಷಕ್ಕೆ 100ರಿಂದ 120 ಸಲ, 5 ಸೆಂಟಿಮೀಟರಿಗೆ ಕಡಿಮೆ ಇಲ್ಲದ ಆಳ, 30 ಸಲ ಒತ್ತಿ 2 ಸಲ ಉಸಿರು. ಟಿ.ವಿ.ಯಲ್ಲಿ ನೋಡುವಾಗ ಸುಲಭ. ನಿಜವಾಗಿ ಒತ್ತಿದರೆ ಎರಡೇ ನಿಮಿಷದಲ್ಲಿ ಭುಜ ನಡುಗುತ್ತದೆ. ಅದಕ್ಕೇ ಜೊತೆಗೆ ಇನ್ನೊಬ್ಬರಿಗೆ ಕಲಿಸಿರಬೇಕು ಅನ್ನುವುದು. ನಮ್ಮೂರಿನಲ್ಲಿ ಈಗ ಆಶಾ ಕಾರ್ಯಕರ್ತೆ, ಜೀಪಿನ ಡ್ರೈವರ್ ಮತ್ತು ಅಂಗಡಿಯ ಹುಡುಗ ಕಲಿತಿದ್ದಾರೆ.

ಮಕ್ಕಳ ಸುರಕ್ಷತೆಯ ಪಾಠವನ್ನು ಬಹಳ ಕಟ್ಟುನಿಟ್ಟಾಗಿ ಮಾಡಿದರು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ, ಮಕ್ಕಳ ಸಹಾಯವಾಣಿಯ 1098 ನಂಬರು, ಯಾವ ಮಗುವಿನ ಜೊತೆಗೂ ದೊಡ್ಡವರು ಒಬ್ಬರೇ ಇರಬಾರದು ಅನ್ನುವ ನಿಯಮ. ಇಲ್ಲಿ ಬಂದು ಹೇಳಿದಾಗ, "ನಮ್ಮೂರಿನಲ್ಲಿ ಅದೆಲ್ಲ ಬೇಕಾ" ಅಂತ ಕೆಲವರು ಕೇಳಿದರು. ಬೇಕು ಅಂತ ನನಗಿಂತ ಮೊದಲು ಎದ್ದು ಹೇಳಿದವರು ಅಂಗನವಾಡಿ ಟೀಚರ್. ಅಂದಿನಿಂದ ಪ್ರತಿ ಭಾನುವಾರ ತಾವೂ ಮೈದಾನದ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅವರ ಭಾನುವಾರ ನನಗೆ ಕೊಟ್ಟರು.

ಇನ್ನು ಮೈದಾನ. ಒಂದು ಕಡೆ ಕೇಳಿದೆವು, "ಹೆಂಗಸರು ಮಕ್ಕಳು ಆಡಲಿಕ್ಕೆ ಯಾಕೆ ಮೈದಾನ" ಅಂದರು. ಅಲ್ಲಿ ಸಿಗದೆ ಹೋದದ್ದು ಒಳ್ಳೆಯದೇ ಆಯಿತು. ಬೈಲಿನ ಹಿರಿಯರೊಬ್ಬರು, "ಕೊಯ್ಲು ಆಗಿದೆ, ಮಳೆ ಬರುವವರೆಗೆ ಗದ್ದೆಯಲ್ಲಿ ಆಡಿ" ಅಂದರು. ಮುರಕಲ್ಲಿನ ಪದವಿನಲ್ಲಿ ಬಿದ್ದರೆ ಮೊಣಕಾಲು ಸುಲಿಯುತ್ತದೆ. ಗದ್ದೆಯ ಮಣ್ಣು ಮೆತ್ತಗೆ. ಮೊದಲ ದಿನ ಅವರೇ ಹಾರೆ ಹಿಡಿದು ಹುಣಿಯ ಮೂಲೆ ಸಮ ಮಾಡಿ ಕೊಟ್ಟರು. ಬಾಡಿಗೆ ವಿಷಯ ತೆಗೆದರೆ ಅವರಿಗೆ ಕಿವಿ ಕೇಳಿಸುವುದಿಲ್ಲ.

ಐಸಿನ ಕಥೆ ಹಲವರಿಗೆ ಗೊತ್ತು, ಆದರೂ ಬರೆಯಬೇಕು. ಲಗೋರಿ ಆಡುವಾಗ ಒಬ್ಬ ಹುಡುಗನ ಪಾದ ಉಳುಕಿತು. ಕ್ಷಣದಲ್ಲಿ ಸುತ್ತ ಜನ. ಒಬ್ಬರು ಕಾಲು ಎಳೆದು ಸರಿ ಮಾಡುತ್ತೇನೆ ಅಂದರು, ಒಂದು ಅಜ್ಜಿ ಎಣ್ಣೆ ಬಿಸಿ ಮಾಡಲು ಹೊರಟರು. ಉಳುಕಿದ ಕಾಲನ್ನು ಮೊದಲ ಎರಡು ದಿನ ತಿಕ್ಕಬಾರದು, ಶಾಖ ಕೊಡಬಾರದು, ಒಳಗಿನ ಊತ ಜಾಸ್ತಿಯಾಗುತ್ತದೆ. ಎತ್ತರದಲ್ಲಿ ಇಟ್ಟು, ಬಟ್ಟೆ ಸುತ್ತಿ, ತಂಪು ಕೊಡಬೇಕು. ಇದನ್ನೆಲ್ಲ ಹೇಳಿದೆ, ಆದರೆ ಗದ್ದೆಯ ನಡುವೆ ಐಸ್ ಎಲ್ಲಿ? ಅಷ್ಟೊತ್ತಿಗೆ ರಸ್ತೆಯಲ್ಲಿ ಮೀನಿನಣ್ಣನ ಸ್ಕೂಟರಿನ ಹಾರ್ನ್ ಕೇಳಿಸಿತು. ಪೆಟ್ಟಿಗೆಯ ತಳದಿಂದ ಎರಡು ಹಿಡಿ ಪುಡಿ ಐಸ್ ತೆಗೆದು ಬೈರಾಸಿನಲ್ಲಿ ಕಟ್ಟಿ ಕೊಟ್ಟರು. ಹತ್ತು ಹದಿನೈದು ನಿಮಿಷ ಇಟ್ಟು ತೆಗೆದೆ. ರಕ್ತ ಓಡುತ್ತಿದೆಯಾ ಅಂತ ಉಗುರು ಒತ್ತಿ ನೋಡಿದೆ, ಬಣ್ಣ ವಾಪಸ್ ಬರುತ್ತಿತ್ತು. ಕಾಲೂರಿ ನಾಲ್ಕು ಹೆಜ್ಜೆ ಹಾಕಲು ಆಗಲಿಲ್ಲ ಅಂತ ಎಕ್ಸ್‌ರೇಗೆ ಕಳಿಸಿದೆ. ಮೂಳೆಗೆ ಏನೂ ಆಗಿರಲಿಲ್ಲ. ಅವನ ಕಾಲು ಮಾತ್ರ ಎರಡು ದಿನ ಬಂಗುಡೆ ವಾಸನೆ ಹೊಡೆಯುತ್ತಿತ್ತಂತೆ. ಮೀನಿನಣ್ಣ ಅದಾದ ಮೇಲೆ ಆಟದ ದಿನ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೇರೆಯೇ ಐಸ್ ಇಟ್ಟು ಹೋಗುತ್ತಾರೆ. ಎಣ್ಣೆಯ ಅಜ್ಜಿಯೂ ಈಗ ಬೇರೆಯವರಿಗೆ, "ತಿಕ್ಕಬೇಡಿ, ಟೀಚರ್ ಬೈತಾರೆ" ಅನ್ನುತ್ತಾರೆ.

ವಿಶೇಷ ಅಗತ್ಯದ ಮಕ್ಕಳು ಕಲಿಯುವ ಬಡ್ಸ್ ಶಾಲೆಯ ಟೀಚರ್‌ಗಳ ಬಗ್ಗೆ ಬರೆಯುವಾಗ ಕೈ ನಿಧಾನ ಆಗುತ್ತದೆ. ನಮ್ಮ ಎಣ್ಮಕಜೆಯ ಗುಡ್ಡೆಗಳ ಕಥೆ ಎಲ್ಲರಿಗೂ ಗೊತ್ತಿದೆ. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ದೇಶದಲ್ಲಿ ಅದಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕುವಾಗ 2011 ಆಗಿತ್ತು. ಹೊರಗಿನವರು ಬಂದು ಅದರಿಂದ ನರಳಿದ ನಮ್ಮ ಮಕ್ಕಳ ಫೋಟೋ ತೆಗೆದರು, ಆಡಿಸಿದವರು ಕಡಿಮೆ. ತರಬೇತಿಯಲ್ಲಿ ಒಂದು ಸೂತ್ರ ಹೇಳಿಕೊಟ್ಟಿದ್ದರು. ಮಗುವಿಗೆ ಆಟ ಆಗದಿದ್ದರೆ ಮಗುವನ್ನು ಬಿಡಬೇಡಿ, ಆಟವನ್ನು ಬದಲಾಯಿಸಿ. ಜಾಗ, ನಿಯಮ, ಸಾಮಾನು, ಜನ, ಈ ನಾಲ್ಕರಲ್ಲಿ ಒಂದನ್ನು ಬದಲಾಯಿಸಿದರೆ ಸಾಕು. ಅದನ್ನು ಇಲ್ಲಿ ಮಾಡಿ ತೋರಿಸಿದವರು ಆ ಟೀಚರ್‌ಗಳೇ. ಲಗೋರಿಯ ಕಲ್ಲುಗಳನ್ನು ನೆಲದಿಂದ ಎತ್ತಿ ಬೆಂಚಿನ ಮೇಲೆ ಇಟ್ಟರು, ಗಾಲಿಕುರ್ಚಿಯ ಹುಡುಗಿಗೆ ಕೈಗೆ ಎಟುಕಿತು. ಕಣ್ಣು ಕಾಣದ ಹುಡುಗನಿಗೆ ಚೆಂಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಉರುಳಿಸಿದೆವು. ಪರಪರ ಸದ್ದು ಬಂದ ಕಡೆಗೆ ತಿರುಗಿ ಎರಡೂ ಕೈಯಲ್ಲಿ ಹಿಡಿದ. ಹಿಡಿದವನು ವಾಪಸ್ ಕೊಡಲಿಲ್ಲ. ಕೊಡು ಅಂದರೆ ಹೊಟ್ಟೆಯಡಿ ಇಟ್ಟುಕೊಂಡು ಮಲಗಿದ. ಅಂದಿನ ಆಟ ಅಲ್ಲಿಗೇ ಮುಗಿಯಿತು, ಇನ್ನೊಂದು ಚೆಂಡು ತರಬೇಕಾಯಿತು.

ಹೆಂಗಸರ ಸ್ವಸಹಾಯ ಸಂಘ ಕುಟುಂಬಶ್ರೀಯ ಅಕ್ಕಂದಿರೇ, ನೀವಿಲ್ಲದಿದ್ದರೆ ನನ್ನ ಪ್ರಾಕ್ಟಿಕಲ್ ಪರೀಕ್ಷೆಗೆ ಜನವೇ ಇರುತ್ತಿರಲಿಲ್ಲ. ವಾರದ ಮೀಟಿಂಗ್ ಮುಗಿಸಿ ಸಾಲದ ಪುಸ್ತಕ ಚೀಲಕ್ಕೆ ತುರುಕಿ ನೇರ ಗದ್ದೆಗೆ ಬಂದಿರಿ. ಕಬಡ್ಡಿ ಬೇಡ, ಹಗ್ಗಜಗ್ಗಾಟ ಆಗಬಹುದು ಅಂದಿರಿ. ಹಗ್ಗಜಗ್ಗಾಟ 1900ರಿಂದ 1920ರವರೆಗೆ ಒಲಿಂಪಿಕ್ಸಿನಲ್ಲಿ ಇತ್ತು ಅಂತ ಹೇಳಿದಾಗ, "ಹಾಗಾದರೆ ನಮಗೂ ಚಾನ್ಸ್ ತಪ್ಪಿದ್ದು" ಅಂದವರು ಯಾರು ಅಂತ ಗೊತ್ತಿದೆ, ಹೇಳುವುದಿಲ್ಲ. ಬಾವಿ ಹಗ್ಗ ಆಗುವುದಿಲ್ಲ, ಕೈ ಕೊಯ್ಯುತ್ತದೆ. ನಿಯಮದ ಹಗ್ಗ 33.5 ಮೀಟರಿಗೆ ಕಡಿಮೆ ಇರಬಾರದು, ಸುತ್ತಳತೆ ಕನಿಷ್ಠ 10 ಸೆಂಟಿಮೀಟರ್. ಹೊಸದರ ಬೆಲೆ ಕೇಳಿ ನಾವು ಸುಮ್ಮನಾದೆವು. ಮಂಜೇಶ್ವರ ಬಂದರಿನ ಬೋಟಿನವರು ಹಳೆಯ ದಪ್ಪ ಹಗ್ಗವೊಂದನ್ನು ತೊಳೆದು ಒಣಗಿಸಿ ಬಸ್ಸಿಗೆ ಹಾಕಿ ಕಳಿಸಿದರು. ಅಳತೆ ಸ್ವಲ್ಪ ಹೆಚ್ಚುಕಡಿಮೆ ಇದೆ, ಪರವಾಗಿಲ್ಲ. ಕಂಡಕ್ಟರ್ ಲಗೇಜ್ ಟಿಕೆಟ್ ಹರಿಯಲಿಲ್ಲ, ಅವರಿಗೂ ಥ್ಯಾಂಕ್ಸ್.

ಎಂಟೆಂಟು ಜನ ಎರಡು ಕಡೆ ನಿಂತಿರಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು ಅಂತ ನಾನು ಬಾಯಿ ನೋಯುವಷ್ಟು ಹೇಳಿದೆ. ಸುತ್ತಿದರೆ ಬೇಕೆಂದಾಗ ಬಿಡಲು ಬರುವುದಿಲ್ಲ, ಬೆರಳು ಹೋಗುತ್ತದೆ. ಹಿಂದಿನ ಕಾಲು ಊರಿ, ಬೆನ್ನು ನೇರ ಇಟ್ಟು, ಎಲ್ಲರೂ ಒಂದೇ ಲಯಕ್ಕೆ ಎಳೆಯಬೇಕು. ನಾಟಿ ಹಾಡು ಗೊತ್ತಿದ್ದ ಹಿರಿಯಕ್ಕ ಒಬ್ಬರು ಪಾಡ್ದನದ ಎತ್ತುಗಡೆಯಲ್ಲೇ ಲಯ ಹಿಡಿದರು, ತರಬೇತಿಯಲ್ಲಿ ಕಲಿತ ನನ್ನ "ಒನ್ ಟೂ" ಅಲ್ಲೇ ಬಿದ್ದುಹೋಯಿತು. ನಾಲ್ಕು ಮೀಟರ್ ಎಳೆದವರು ಗೆದ್ದರು. ಸೋತವರು ಮಣ್ಣು ಕೊಡವಿಕೊಂಡು ಇನ್ನೊಂದು ಸಲ ಅಂದರು. ಪರೀಕ್ಷಕರು ತಿರುವನಂತಪುರದಿಂದ ಬಂದವರು, ಬರೆದುಕೊಳ್ಳುವುದನ್ನು ಬಿಟ್ಟು ಫೋನ್ ತೆಗೆದು ವಿಡಿಯೋ ಮಾಡುತ್ತಾ ನಿಂತಿದ್ದರು. ನನ್ನ ಅಂಕ ಬಂದದ್ದು ಅಲ್ಲಿಂದ.

ಕೊಡೆಯ ಹಳೆಯ ಬಟ್ಟೆಯಲ್ಲಿ ಮಕ್ಕಳಿಗೆ ಬಣ್ಣದ ಮೇಲಂಗಿ ಹೊಲಿದುಕೊಟ್ಟ ಟೈಲರ್ ಅಕ್ಕ, ಹೆಣ್ಣುಮಕ್ಕಳಿಗೆ ಶೌಚಾಲಯದ ಬೀಗದ ಕೈ ಕೊಟ್ಟುಬಿಟ್ಟ ಶಾಲೆಯವರು, ಕ್ಲಬ್ಬಿನ ಮ್ಯಾಟ್ ಒಂದು ವಾರಕ್ಕೆ ಅಂತ ಕೊಟ್ಟು ಇವತ್ತಿನವರೆಗೂ ವಾಪಸ್ ಕೇಳದ ಹುಡುಗರು, ನಿಮಗೆಲ್ಲ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಿದ್ದೇನೆ, ಬೇಜಾರು ಮಾಡಬೇಡಿ. ಮ್ಯಾಟ್ ಮಾತ್ರ ಕೇಳಬೇಡಿ. ಹತ್ತನೇ ಕ್ಲಾಸ್ ದಾಟಿದ ಹುಡುಗಿಯರು ಅದರ ಮೇಲೆ ಟೋ ಟಚ್, ಅಂದರೆ ಕಾಲು ಚಾಚಿ ಬೆರಳ ತುದಿಯಲ್ಲಿ ಎದುರಾಳಿಯನ್ನು ಮುಟ್ಟುವುದನ್ನು ಕಲಿಯುತ್ತಿದ್ದಾರೆ. ಬರುವ ಕೇರಳೋತ್ಸವಕ್ಕೆ, ಅಂದರೆ ರಾಜ್ಯದ ಯುವಜನರ ಕಲೆ-ಕ್ರೀಡೆಯ ಉತ್ಸವಕ್ಕೆ, ಪಂಚಾಯತಿನಿಂದ ಹೆಂಗಸರ ಕಬಡ್ಡಿಗೆ ಒಂದು ತಂಡ ಇಳಿಸುವ ಆಸೆ ಅವರದ್ದು. ನನಗೆ ಲೆಫ್ಟ್ ಕಾರ್ನರ್ ಕೊಡುತ್ತೀರಾ ಅಂತ ಕೇಳಿದೆ, ಯೋಚನೆ ಮಾಡಿ ಹೇಳುತ್ತೇವೆ ಅಂದಿದ್ದಾರೆ.

ಭಾನುವಾರ ಸಂಜೆ ನಾಲ್ಕೂವರೆಗೆ ಎಂದಿನ ಹಾಗೆ ಗದ್ದೆಯಲ್ಲಿ ಆಟ ಇದೆ. ಮಳೆ ಹಿಡಿದ ಮೇಲೆ ಶಾಲೆಯ ಹಾಲ್‌ಗೆ ಹೋಗುತ್ತೇವೆ. ಹೆಸರು ಕೊಡಬೇಕಾಗಿಲ್ಲ, ಪ್ರಾಯ ಕೇಳುವುದಿಲ್ಲ, ನೈಟಿಯಲ್ಲಿ ಬಂದರೂ ಸರಿ. ಬರಿಗಾಲಿನಲ್ಲಿ ಮಾತ್ರ ಬರಬೇಡಿ, ಬದಿಯಲ್ಲಿ ಇನ್ನೂ ಭತ್ತದ ಕೂಳೆ ಇದೆ, ಚುಚ್ಚುತ್ತದೆ.